ಮಕ್ಕಳು ಮೂವರು, ಸಂತಾನ ಒಂದು

ಕಳೆದ ಸೋಮವಾರ ಊರಿನ ಮನೆಯ ಜಗುಲಿಯ ಮೇಲೆ ಅಪ್ಪನ ವಂಶವೃಕ್ಷದ ಮಹಜರು ನಡೆಯಿತು. ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅದು ಬೇಕಾಗಿತ್ತು. ಗ್ರಾಮ ಆಡಳಿತ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, "ತೀರಿಕೊಂಡವರಿಗೆ ಮಕ್ಕಳೆಷ್ಟು ಜನ?" ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೇಳಿಬಿಟ್ಟರು: "ಮಕ್ಕಳು ಮೂವರು ಸ್ವಾಮಿ. ಸಂತಾನ ಅಂತ ಒಂದೇ."

ಆ ಒಂದು ನನ್ನ ತಮ್ಮ. ಉಳಿದಿಬ್ಬರು ನಾನು ಮತ್ತು ಅಕ್ಕ, ಅದೇ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದೆವು. ಅಧಿಕಾರಿಯ ಪೆನ್ನು ಒಂದು ಕ್ಷಣ ನಿಂತಿತು, ಮತ್ತೆ ಮುಂದುವರಿಯಿತು. ತಮ್ಮ ನೆಲ ನೋಡುತ್ತಿದ್ದ. ಅವನು ಒಳ್ಳೆಯವನು, ನಮ್ಮ ಪಾಲಿನ ಬಗ್ಗೆ ಎಂದೂ ತಕರಾರು ತೆಗೆದವನಲ್ಲ. ಆದರೂ ಆ ಹೊತ್ತಿನಲ್ಲಿ ಅವನು ಸುಮ್ಮನಿದ್ದದ್ದು ಚಿಕ್ಕಪ್ಪನ ಮಾತಿಗಿಂತ ಹೆಚ್ಚು ನೋಯಿಸಿತು. ಚಿಕ್ಕಪ್ಪನೂ ಕೆಟ್ಟವರಲ್ಲ. ಹೊಳೆ ತುಂಬಿದ ದಿನಗಳಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸಿದವರು ಅವರೇ. ತಾವು ಯಾರನ್ನೋ ಕಳೆದು ಲೆಕ್ಕ ಹೇಳಿದೆವೆಂಬ ಅರಿವು ಅವರ ಮುಖದಲ್ಲಿರಲಿಲ್ಲ. ಅದಕ್ಕೇ ಆ ಮಾತು ವಾರವೆಲ್ಲ ಕಿವಿಯಲ್ಲಿ ಉಳಿಯಿತು: ಮಕ್ಕಳು ಮೂವರು, ಸಂತಾನ ಒಂದು.

ಸಂತಾನ, ಸಂತತಿ ಎರಡೂ ಸಂಸ್ಕೃತದ 'ತನ್' ಧಾತುವಿನಿಂದ ಬಂದವು. ಚಾಚುವುದು, ಹರಡುವುದು ಎಂದು ಅದರ ಅರ್ಥ. ತಂತು, ತನಯ, ತನಯೆ ಎಲ್ಲವೂ ಅಲ್ಲಿಂದಲೇ ಹುಟ್ಟಿದವು. ಆ ಧಾತುವಿನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ; ಎಳೆ ಮುಂದುವರಿದರೆ ಸಾಕು. ಮಕ್ಕಳಿಗೆ 'ಅಪತ್ಯ' ಎಂಬ ಹೆಸರು ಏಕೆ ಬಂತೆಂದು ಚರ್ಚಿಸುವ ಯಾಸ್ಕನ ನಿರುಕ್ತವೆಂಬ, ವೇದದ ಪದಗಳ ಅರ್ಥ ಬಿಡಿಸುವ ಪ್ರಾಚೀನ ಗ್ರಂಥವು ಅದೇ ಅಧ್ಯಾಯದಲ್ಲಿ ಹೆಣ್ಣುಮಕ್ಕಳಿಗೂ ದಾಯ, ಎಂದರೆ ಪಿತ್ರಾರ್ಜಿತದ ಪಾಲು, ಉಂಟೇ ಎಂಬ ವಾದವನ್ನು ಎತ್ತಿಕೊಂಡು, ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ದಾಯ ಸಲ್ಲುತ್ತದೆಂದು ಸ್ವಾಯಂಭುವ ಮನು ಹೇಳಿದನೆಂಬ ಶ್ಲೋಕವನ್ನು ಉದ್ಧರಿಸುತ್ತದೆ. ಒಪ್ಪದವರ ಮಾತೂ ಅಲ್ಲಿದೆ. ಎಂದರೆ ನಮ್ಮ ಜಗುಲಿಯ ಪ್ರಶ್ನೆ ಎರಡು ಸಾವಿರ ವರ್ಷಗಳಿಗೂ ಹಳೆಯದು. ಚಿಕ್ಕಪ್ಪ ತಮ್ಮ ಅರ್ಥವನ್ನು ಸ್ವಂತವಾಗಿ ಕಟ್ಟಿದವರಲ್ಲ. ಪಿಂಡವಿಡುವ ಕೈಯೇ ಸಂತಾನ ಎಂದು ಅವರು ಹುಟ್ಟಿದಂದಿನಿಂದ ಕೇಳಿದ್ದಾರೆ. ಅವಿಭಕ್ತ ಕುಟುಂಬದ ಹಳೆಯ ಕಾನೂನು ಕೂಡ ಆಸ್ತಿಯ ಪಾಲುದಾರರನ್ನು ಮಗ, ಮೊಮ್ಮಗ, ಮರಿಮಗ ಎಂದೇ ಎಣಿಸುತ್ತಿತ್ತು. ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳನ್ನು ಆ ಎಣಿಕೆಗೆ ಸೇರಿಸಿತು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು.

ಇದನ್ನೆಲ್ಲ ಉಡುಪಿ ಕಡೆಯ ಗೆಳತಿಗೆ ಹೇಳಿಕೊಂಡಾಗ ಅವಳು ತಮ್ಮ ಕಡೆಯ ಅಳಿಯಸಂತಾನದ, ಎಂದರೆ ತಾಯಿಯ ಸಾಲಿನಲ್ಲಿ ಆಸ್ತಿ ಇಳಿಯುವ ಪದ್ಧತಿಯ, ಲೆಕ್ಕವನ್ನು ಬಿಡಿಸಿಟ್ಟಳು. ಅಲ್ಲಿ ಒಬ್ಬ ಹೆಣ್ಣುಮಗಳು, ಅವಳ ಮಕ್ಕಳು ಮತ್ತು ಹೆಣ್ಣಿನ ಸಾಲಿನಲ್ಲಿ ಮುಂದೆ ಹುಟ್ಟಿದವರೆಲ್ಲ ಸೇರಿ ಒಂದು 'ಕವರು'. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಪ್ರಕಾರ ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಮಾತ್ರ ಅದು 'ಸಂತತಿ ಕವರು'. ಇಲ್ಲದಿದ್ದರೆ 'ನಿಸ್ಸಂತತಿ ಕವರು'. ಗಂಡಸರೇ ಉಳಿದ ಕವರಿನಲ್ಲಿ ಒಬ್ಬೊಬ್ಬನಿಗೆ ನಾಲ್ಕು ಗಂಡುಮಕ್ಕಳಿದ್ದರೂ ಅದು ನಿಸ್ಸಂತತಿಯೇ, ಏಕೆಂದರೆ ಆ ಮಕ್ಕಳು ತಾಯಿಯ ಕವರಿಗೆ ಸೇರಿದವರು. ನಮ್ಮ ಜಗುಲಿಯಿಂದ ಅರ್ಧ ದಿನದ ದಾರಿಯಲ್ಲಿ ಅದೇ ಪದ ಹೀಗೆ ಮಗುಚಿ ನಿಂತಿತ್ತು. ಅಲ್ಲಿದ್ದರೆ ಅಮ್ಮನ ಕವರಿಗೆ ನಾನು ಮತ್ತು ಅಕ್ಕನೇ ಸಂತತಿ. ಕೇಳಿ ಮೊದಲು ಗೆಲುವೆನಿಸಿತು. ರಾತ್ರಿ ಯೋಚಿಸುತ್ತಿದ್ದಂತೆ ತಮ್ಮನ ಬಾಗಿದ ತಲೆ ನೆನಪಾಯಿತು. ಆ ಲೆಕ್ಕದಲ್ಲಿ ಹಾಗೆ ನೆಲ ನೋಡುತ್ತ ಕೂರಬೇಕಾದ ಗಂಡಸರೂ ಇದ್ದಿರಬೇಕು.

ಇಂಥ ಹಣೆಪಟ್ಟಿಗಳಿಂದ ದೂರ ಉಳಿದಿರುವುದು ಮನೆಯ ಮಾತು ಮಾತ್ರ. ತಾಯಿಬಾಳೆಯ ಬುಡದಿಂದೇಳುವ ಸಸಿಯನ್ನು ಕಂದು ಎನ್ನುತ್ತೇವೆ, ಹಳಗನ್ನಡದಲ್ಲಿ ಎಳೆಗರುವೂ ಕಂದು, ಮಗು ಕಂದ. ಸಂಸ್ಕೃತ ಮಗನ ಮಗನಿಗೆ ಪೌತ್ರ, ಮಗಳ ಮಗನಿಗೆ ದೌಹಿತ್ರ ಎಂದು ಬೇರೆ ಬೇರೆ ಹೆಸರಿಟ್ಟಿದೆ. ಕನ್ನಡದಲ್ಲಿ ಇಬ್ಬರೂ ಮೊಮ್ಮಗನೇ. ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ನನಗೊಬ್ಬ ಮಗ. ಚಿಕ್ಕಪ್ಪನ ಲೆಕ್ಕವನ್ನು ಕೊನೆಯವರೆಗೆ ಹಿಡಿದು ಹೋದರೆ ಅಪ್ಪನ ಸಂತಾನ ತಮ್ಮನಿಗೇ ಮುಗಿಯುತ್ತದೆ. ಅವರು ಅಷ್ಟು ದೂರ ಯೋಚಿಸಿರಲಾರರು. ಅಪ್ಪನ ಕುಲ ಮುಗಿಯಿತೆಂದು ಕೇಳಿದ್ದರೆ ಮೊದಲು ಕಣ್ಣೀರಿಡುತ್ತಿದ್ದವರು ಅವರೇ.

ಅಧಿಕಾರಿ ಮೂರು ಹೆಸರುಗಳನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು. ಮಹಜರಿಗೆ ಸಾಕ್ಷಿಯಾಗಿ ಚಿಕ್ಕಪ್ಪ ಕನ್ನಡಕ ಹುಡುಕಿ ಹಾಕಿಕೊಂಡು, ಹೆಸರುಗಳನ್ನು ಬೆರಳಿಟ್ಟು ಓದಿ, ಸಹಿ ಹಾಕಿದರು. ನಾವು ಹೊರಡುವಾಗ ನನ್ನ ಮಗನ ಕೈಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟು, "ಹಬ್ಬಕ್ಕೆ ಬರಬೇಕು ಕಣೋ ಮೊಮ್ಮಗನೇ, ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ" ಎಂದರು.