ಕಂಪನಿ ಅನ್ನೋ ಮಾತಿನೊಳಗಿನ ರೊಟ್ಟಿ

ನಾನು ಕೆಲಸ ಮಾಡೋದು ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಮನೆಗೆ ಯಾರಾದರೂ ಬಂದು ಕೇಳಿದರೆ ಅವ್ವ ಹೇಳೋದು ಒಂದೇ ಮಾತು, "ಕಂಪನಿಗೆ ಹೋಗ್ಯಾನ್ರೀ." ಯಾವ ಕಂಪನಿ, ಅಲ್ಲಿ ಏನು ತಯಾರಾಗುತ್ತೆ ಅಂತ ಯಾರೂ ಮುಂದೆ ಕೇಳೋದಿಲ್ಲ. ಸಂಜೆ ಚಹಾಕ್ಕೆ ಹೊರಟ ಗೆಳೆಯ "ಸುಮ್ನೆ ಕಂಪನಿ ಕೊಡು ಬಾ" ಅಂತಾನೆ. ಜಾತ್ರೆಯಲ್ಲಿ ಥಿಯೇಟರ್ ಹಾಕುವ ನಾಟಕದವರೂ ನಮಗೆ ಕಂಪನಿಯವರೇ.

ಇಷ್ಟು ಬಳಸ್ತೀವಲ್ಲ, ಇದು ಹುಟ್ಟಿದ್ದು ಎಲ್ಲಿ ಅಂತ ಹುಡುಕಿದರೆ ಒಳಗೆ ರೊಟ್ಟಿ ಸಿಕ್ಕಿತು. ಲ್ಯಾಟಿನ್‌ನಲ್ಲಿ 'ಕಾಮ್' ಅಂದರೆ ಜೊತೆ, 'ಪಾನಿಸ್' ಅಂದರೆ ರೊಟ್ಟಿ. ಅವರದು ಒಲೆಯಲ್ಲಿ ಬೇಯಿಸಿದ ದಪ್ಪ ಬ್ರೆಡ್ಡು, ನಮ್ಮದು ಬಡಿದ ಜೋಳದ ರೊಟ್ಟಿ, ಇರಲಿ. ಎರಡೂ ಸೇರಿ 'ಕಂಪಾನಿಯೊ' ಆಯ್ತು, ಅಂದರೆ ಕೂಡಿ ಕೂತು ರೊಟ್ಟಿ ತಿನ್ನುವವನು. ಅದೇ ಹಳೆ ಫ್ರೆಂಚ್ ದಾಟಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಮೊದಲು ಜೊತೆ, ಗುಂಪು ಅನ್ನೋ ಅರ್ಥ, ಆಮೇಲೆ ಸೈನಿಕರ ತುಕಡಿ, ಆಮೇಲೆ ಕೂಡಿ ವ್ಯಾಪಾರ ಮಾಡುವವರು. ಹುಬ್ಬಳ್ಳಿ ಗಾಡಿಗಳಲ್ಲಿ ಸಿಗುವ ಪಾವ್ ಭಾಜಿಯ 'ಪಾವ್' ಕೂಡ ಇದೇ ಪಾನಿಸ್‌ನ ಮರಿ, ಪೋರ್ಚುಗೀಸರ ಬಾಯಿಂದ ಬಂದದ್ದು.  

ಕಂಪನಿ ಅನ್ನೋ ಇಂಥ ಒಳ್ಳೆ ಪದ ನಮ್ಮ ಸೀಮೆಗೆ ಮಾತ್ರ ಬೇರೆಯೇ ಮುಖ ಹೊತ್ತು ಬಂತು. 1600ರ ಡಿಸೆಂಬರ್ 31ರಂದು ಲಂಡನ್ನಿನ ವ್ಯಾಪಾರಿಗಳಿಗೆ ರಾಣಿಯ ಸನ್ನದು ಸಿಕ್ಕಿತು, ಈಸ್ಟ್ ಇಂಡಿಯಾ ಕಂಪನಿ ಶುರುವಾಯ್ತು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ದಂಡು ಕಟ್ಟಿಕೊಂಡು ಕಿತ್ತೂರಿಗೆ ಹೋಗಿದ್ದು ಇದೇ ಕಂಪನಿ ಸರ್ಕಾರದ ಹೆಸರಲ್ಲಿ. ಅಲ್ಲೇ ಅವನು ಸತ್ತ. ಕೂಡಿ ಉಣ್ಣುವ ಮಾತು ಕಿತ್ತುಕೊಳ್ಳುವವರ ಹೆಸರಾಯ್ತಲ್ಲ ಅಂತ ನನಗೆ ಬಹಳ ಬೇಜಾರಾಗುತ್ತೆ.

ಆ ಮಾತಿಗೆ ಮತ್ತೆ ಅದರ ಅರ್ಥ ಕೊಟ್ಟವರು ನಾಟಕದವರು ಅಂತ ನನ್ನ ನಂಬಿಕೆ. ಊರೂರು ತಿರುಗುವ ಕಂಪನಿಗಳಲ್ಲಿ ರಾಜನ ಪಾತ್ರದವನೂ ಪರದೆ ಎಳೆಯುವವನೂ ಒಂದೇ ಒಲೆಯ ಅಡುಗೆ ಉಣ್ಣೋರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು ಆ ಮಕ್ಕಳನ್ನು ಸಾಕೋದಕ್ಕೆ ನಾಟಕ ಕಂಪನಿಯನ್ನೂ ನಡೆಸಿದರು. ನಾಟಕ ಆಡಿದರೆ ಎಲ್ಲರ ಊಟ. ಲ್ಯಾಟಿನ್ ಅರ್ಥ ಇದಕ್ಕಿಂತ ಸರಿಯಾಗಿ ಇನ್ನೆಲ್ಲಿ ಕೂಡುತ್ತೆ, ಹೇಳಿ?

ನಮ್ಮ ಕಂಪನಿಯಲ್ಲಿ ಒಂದು ಗಂಟೆಗೆ ಊಟದ ಬಿಡುವು. ಹಳೆ ಪೇಪರ್ ಹಾಸಿ ಡಬ್ಬಿ ಎಲ್ಲಾ ನಡುವೆ ಇಡ್ತೀವಿ. ಒಬ್ಬರದು ಎಣ್ಣೆಗಾಯಿ, ಒಬ್ಬರದು ಪುಂಡಿಪಲ್ಯ, ಬ್ಯಾಡಗಿ ಕಡೆಯವನದು ಕೆಂಪು ಖಾರ, ನನ್ನದು ಖಡಕ್ ರೊಟ್ಟಿ ಗುರೆಳ್ಳು ಹಿಂಡಿ. ಹೋದ ತಿಂಗಳು ಜಾರ್ಖಂಡದಿಂದ ಒಬ್ಬ ಹುಡುಗ ಸೇರಿದ. ಮಷಿನ್ ಹಿಂದೆ ಕೂತು ಒಬ್ಬನೇ ಉಣ್ಣುತ್ತಿದ್ದ. ನಾಲ್ಕು ದಿನ ನೋಡಿ ನಮ್ಮ ಹಿರಿಯ ಫಿಟ್ಟರ್ ಕಾಕಾ "ಏ ತಮ್ಮಾ, ಇಲ್ಲೆ ಬಾ" ಅಂತ ಕೈ ಮಾಡಿ ಕರೆದರು. ನನ್ನ ರೊಟ್ಟಿ ಕಟಕ್ಕನೆ ಮುರಿದು ಅರ್ಧ ಅವನ ಕೈಗಿಟ್ಟೆ. ಹಿಂಡಿ ಹಚ್ಚಿಕೊಂಡು ತಿಂದ, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಉಳಿದರ್ಧಕ್ಕೂ ಕೈ ಚಾಚಿದ. ಈಗ ಅವ್ವ ದಿನಾ ಎರಡು ರೊಟ್ಟಿ ಜಾಸ್ತಿ ಕಟ್ಟುತ್ತಾಳೆ.