ಸೀಲ್ ಬಾಟಲಿ ಕೊಂಡ ಮೇಲೂ ಉಳಿಯುವ ಕೆಲಸ

ಪುಟ್ಟ ಮಗುವನ್ನು ಕರೆದುಕೊಂಡು ವಿದೇಶಕ್ಕೆ ಹೋದವರು ಕುಡಿಯುವ ನೀರಿನಲ್ಲಿ ಎಚ್ಚರ ತಪ್ಪುವುದು ಕಡಿಮೆ. ನಲ್ಲಿ ನೀರು ಮಗುವಿನ ಹೊಟ್ಟೆ ಸೇರುವುದು ಅಡ್ಡದಾರಿಗಳಲ್ಲಿ: ಹಲ್ಲುಜ್ಜುವಾಗ, ಟಬ್ಬಿನಲ್ಲಿ ಆಡುತ್ತಾ ನೀರು ನುಂಗಿದಾಗ, ಜ್ಯೂಸಿನ ಐಸಿನಲ್ಲಿ, ನೆಲಕ್ಕೆ ಬಿದ್ದ ನಿಪ್ಪಲ್ಲನ್ನು ನಲ್ಲಿಯಡಿ ತೊಳೆದು ಹಾಗೇ ಬಾಯಿಗಿಟ್ಟಾಗ. ಬ್ರಷ್ಷಿಗೂ ನಿಪ್ಪಲ್ಲಿಗೂ ಬಾಟಲಿ ನೀರೋ ಕುದಿಸಿದ ನೀರೋ ಇರಲಿ. ಸಿಪ್ಪರ್ ಮುಚ್ಚಳದೊಳಗಿನ ರಬ್ಬರ್ ವಾಲ್ವನ್ನು ದಿನಾ ಬಿಚ್ಚಿ ತೊಳೆಯಿರಿ, ಹಾಲಿನ ಜಿಡ್ಡು ಕೂರುವುದು ಅಲ್ಲೇ.

ಎಲ್ಲಕ್ಕಿಂತ ನಂಬಿಕಸ್ಥ ಉಪಾಯ ಕುದಿಸುವುದೇ. ನೀರು ಕೊತಕೊತ ಕುದಿಯತೊಡಗಿದ ಮೇಲೆ 1 ನಿಮಿಷ ಬಿಡಿ. 2000 ಮೀಟರಿಗಿಂತ ಎತ್ತರದ ಊರುಗಳಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ 3 ನಿಮಿಷ ಬೇಕು. ಮುಚ್ಚಿಟ್ಟೇ ಆರಿಸಿ. ಸೀಸ, ನೈಟ್ರೇಟ್ ಮಾತ್ರ ಕುದಿಸಿದರೂ ಹೋಗುವುದಿಲ್ಲ. ಅಂಥ ಅನುಮಾನವಿರುವ ಕಡೆ ಬಾಟಲಿ ನೀರೇ ಗತಿ. ಕೈಯಲ್ಲಿ ಹಿಡಿದೊಯ್ಯುವ ಸಾಮಾನ್ಯ ಫಿಲ್ಟರುಗಳಿಗೆ ವೈರಸ್ ಸಿಗುವುದಿಲ್ಲ, ಕ್ಲೋರಿನ್ ಮಾತ್ರೆಗೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಬಗ್ಗುವುದಿಲ್ಲ. ಎರಡರಲ್ಲಿ ಒಂದನ್ನೇ ನೆಚ್ಚಬೇಡಿ.

ಮಗು ಫಾರ್ಮುಲಾ ಹಾಲು ಕುಡಿಯುತ್ತಿದ್ದರೆ ಪುಡಿಯಲ್ಲೇ ರೋಗಾಣು ಇರಬಹುದು ಎಂಬುದು ನೆನಪಿರಲಿ. ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ಪುಡಿ ಬೆರೆಸಿ, ಆಮೇಲೆ ಉಗುರುಬೆಚ್ಚಗಾಗುವಷ್ಟು ಆರಿಸಿ ಕೊಡುವುದು. ಕಲಸಿದ ಹಾಲನ್ನು ಹೊರಗಿಟ್ಟರೆ 2 ಗಂಟೆಯೊಳಗೆ ಮುಗಿಸಬೇಕು. ಮಗು ಕುಡಿದು ಬಿಟ್ಟ ಹಾಲನ್ನು ಕುಡಿಯಲು ಶುರುಮಾಡಿದ 1 ಗಂಟೆಯೊಳಗೆ ಚೆಲ್ಲಿಬಿಡಿ.

ಊಟದಲ್ಲಿ ನೋಡಬೇಕಾದದ್ದು ಹೋಟೆಲಿನ ಥಳುಕನ್ನಲ್ಲ, ತಟ್ಟೆಯಿಂದ ಏಳುವ ಹಬೆಯನ್ನು. ದುಬಾರಿ ಬಫೆಯಲ್ಲಿ ಉಗುರುಬೆಚ್ಚಗೆ ಕುಳಿತ ಪದಾರ್ಥಕ್ಕಿಂತ ಕಣ್ಣೆದುರೇ ಬೆಂದು ಬಂದದ್ದು ವಾಸಿ. ಬೇಯಿಸಿದ್ದನ್ನು 2 ಗಂಟೆಗಿಂತ ಹೊರಗಿಡಬೇಡಿ, 32 ಡಿಗ್ರಿ ಮೀರಿದ ಸೆಕೆಯಲ್ಲಿ 1 ಗಂಟೆಯಷ್ಟೇ. ಹಸಿ ಸಲಾಡ್, ಪಾಶ್ಚರೀಕರಿಸದ ಹಾಲು ಬೇಡ. ಹಣ್ಣನ್ನು ಮೊದಲು ತೊಳೆದು, ನೀವೇ ಸಿಪ್ಪೆ ತೆಗೆಯಿರಿ. ತೊಳೆಯದಿದ್ದರೆ ಸಿಪ್ಪೆಯ ಕೊಳೆ ಚಾಕುವಿನ ಜೊತೆ ತಿರುಳಿಗಿಳಿಯುತ್ತದೆ.

ಕೈಗೆ ಸೋಪು, 20 ಸೆಕೆಂಡು. ವಾಂತಿಭೇದಿ ತರುವ ನೊರೋವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಜಗ್ಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಭೇದಿ ಬರಬಹುದು, ಹಾಗಾಗಿ ಓಆರ್‌ಎಸ್ ಪೊಟ್ಟಣಗಳನ್ನು ಹೊರಡುವಾಗಲೇ ಚೀಲಕ್ಕೆ ಹಾಕಿಕೊಳ್ಳಿ. ಪೊಟ್ಟಣದ ಮೇಲೆ ಬರೆದ ಅಳತೆ ನೋಡದೆ ಕಲಸುವುದೇ ದೊಡ್ಡ ತಪ್ಪು. 1 ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಅಪಾಯದ ಮಟ್ಟಕ್ಕೇರಬಹುದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕೊಡಿ. ವಾಂತಿಯಾದರೆ 10 ನಿಮಿಷ ತಡೆದು, ಚಮಚದಲ್ಲಿ ನಿಧಾನವಾಗಿ ಮತ್ತೆ ಶುರುಮಾಡಿ. ಬೆರೆಸಿದ್ದನ್ನು 24 ಗಂಟೆಗೆ ಚೆಲ್ಲಿ. ಎದೆಹಾಲು, ಊಟ ನಿಲ್ಲಿಸಬೇಡಿ. ದೊಡ್ಡವರು ಭೇದಿ ಕಟ್ಟಲು ನುಂಗುವ ಲೋಪೆರಮೈಡ್ ಮಾತ್ರೆಯನ್ನು ಮಗುವಿಗೆ ಕೊಡಲೇಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಗುಳಿಬಿದ್ದ ಕಣ್ಣು, ಅತ್ತರೂ ಬಾರದ ಕಣ್ಣೀರು, ಆರು ಗಂಟೆಯಾದರೂ ಒಣಗೇ ಇರುವ ಡೈಪರ್, ಎಬ್ಬಿಸಿದರೂ ಹೋಗದ ಮಂಪರು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ದಾರಿಯುದ್ದಕ್ಕೂ ಓಆರ್‌ಎಸ್ ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತಿರಿ.