ಡೇಲಿಲಿ ನೆಡುವಾಗ ಆಳದ ಮೇಲೆ ಕಣ್ಣಿರಲಿ

ಡೇಲಿಲಿಯ ಒಂದು ಹೂ ಬಾಳುವುದು ಒಂದೇ ದಿನ. ಆದರೆ ಕಡ್ಡಿಯಲ್ಲಿ ಮೊಗ್ಗುಗಳು ಸರದಿಯಂತೆ ಅರಳುವುದರಿಂದ ಗಿಡ ವಾರಗಟ್ಟಲೆ ಹೂ ಕೊಡುತ್ತದೆ. ಬೆಂಗಳೂರು, ಮೈಸೂರಿನಂಥ ಕಡೆಗೆ ವರ್ಷವಿಡೀ ಎಲೆ ಹಸಿರಾಗಿರುವ ತಳಿಗಳನ್ನೇ ತನ್ನಿ. ಚಳಿಗೆ ಎಲೆಯುದುರಿಸಿ ಮಲಗುವ ತಳಿಗಳಿಗೆ ನಮ್ಮ ಚಳಿ ಸಾಲದು, ಸೊರಗುವುದೇ ಹೆಚ್ಚು.

ಬಹಳ ಮಂದಿ ಎಡವುವುದು ಆಳದಲ್ಲಿ. ಇದಕ್ಕೆ ಈರುಳ್ಳಿಯಂಥ ಗೆಡ್ಡೆಯಿಲ್ಲ, ದಪ್ಪ ಬೇರುಗಳ ಗೊಂಚಲಷ್ಟೆ. ಗುಣಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಬೇರುಗಳನ್ನು ಸುತ್ತಲೂ ಇಳಿಬಿಟ್ಟು, ಎಲೆ–ಬೇರು ಕೂಡುವ ಜಾಗವನ್ನು 1 ಅಂಗುಲದಷ್ಟು ಮಾತ್ರ ಮುಚ್ಚಿ. ಆಳ ಹೆಚ್ಚಾದರೆ ಹೂ ಕಡಿಮೆ, ಮಳೆಗಾಲದಲ್ಲಿ ಬುಡ ಕೊಳೆಯುವ ಭಯ ಬೇರೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ದಿನಕ್ಕೆ 6 ಗಂಟೆ ಬಿಸಿಲು. ಮಲೆನಾಡಿನಲ್ಲಾದರೆ ಏರುಮಡಿ ಬೇಕೇ ಬೇಕು.

ಎಲೆ ಸೊಂಪಾಗಿದ್ದೂ ಹೂವಿಲ್ಲವೇ? ನೆರಳು ಅಥವಾ ಯೂರಿಯಾ ಜಾಸ್ತಿಯಾಗಿರಬಹುದು. ಬುಡ ಇಕ್ಕಟ್ಟಾಗಿದ್ದರೂ ಹೀಗೆಯೇ. 3–4 ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ ಕಿತ್ತು, ತುಂಡಿಗೆ 2–3 ಕವಲು (ಬೇರುಸಹಿತ ಎಲೆಗೊಂಚಲು) ಉಳಿಯುವಂತೆ ಬಿಡಿಸಿ, ಎಲೆಯನ್ನು ಅರ್ಧ ಅಡಿಗೆ ಕತ್ತರಿಸಿ ಮತ್ತೆ ನೆಡಿ.

ಎಲೆಯ ಕೆಳಗೆ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಅಂಥ ಎಲೆಗಳನ್ನು ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ. ನೀರು ಬುಡಕ್ಕೆ ಬೀಳಲಿ.

ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡ ಖಂಡಿತ ಬೇಡ: ಎಲೆ, ಹೂ, ಪರಾಗ ಯಾವುದನ್ನು ತಿಂದರೂ ಅದರ ಮೂತ್ರಪಿಂಡ ಕೆಡುತ್ತದೆ.